ಸೋಲಿಗೊಂದು ಹೆಸರು ಬೇಕೇ?

ಪಂದ್ಯ ಮುಗಿದ ಮೇಲೆ ಇನ್ನೊಂದು ಪಂದ್ಯ ಶುರುವಾಗುತ್ತದೆ. ಅದಕ್ಕೆ ಮೈದಾನ ಬೇಕಾಗಿಲ್ಲ. ಶಿರಾಲಿಯಂತಹ ಊರಿನಲ್ಲಿ ಹೆದ್ದಾರಿ ಬದಿಯ ಒಂದು ಚಾದಂಗಡಿ, ಎರಡು ಬೆಂಚು, ಮೂರ್ನಾಲ್ಕು ಮೊಬೈಲುಗಳಿದ್ದರೆ ಸಾಕು. ಗೆದ್ದ ತಂಡದ ಬೆಂಬಲಿಗರು ಬೇಗ ಮನೆಗೆ ಹೋಗುತ್ತಾರೆ. ಸೋತವರು ಮಾತ್ರ ಏಳುವುದೇ ಇಲ್ಲ. ಎಲ್ಲಿ ಕೈತಪ್ಪಿತು, ಯಾರಿಂದ ಕೈತಪ್ಪಿತು ಎಂಬುದು ತೀರ್ಮಾನವಾಗದೆ ಅವರಿಗೆ ನಿದ್ದೆ ಬರುವುದಿಲ್ಲ. ಈ ಚರ್ಚೆಗೆ ನಮ್ಮ ಹುಡುಗರು ಇಟ್ಟಿರುವ ಹೆಸರು ‘ಟರ್ನಿಂಗ್ ಪಾಯಿಂಟ್’. ಕನ್ನಡದಲ್ಲಿ ತಿರುವು ಎನ್ನೋಣ.

ಪುಸ್ತಕ, ನಾಟಕ, ಸಿನಿಮಾಗಳ ವಿಮರ್ಶೆಯನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಆದರೆ ನಮ್ಮ ನಡುವೆ ಅತಿ ಹೆಚ್ಚು ಜನ ಪ್ರತಿದಿನ ಮಾಡುವ ವಿಮರ್ಶೆ ಆಟದ ವಿಮರ್ಶೆ. ಓದು ಬಾರದವರೂ ಅದರಲ್ಲಿ ಸಮಾನವಾಗಿ ಪಾಲುಗೊಳ್ಳುತ್ತಾರೆ. ಹಾಗಿದ್ದೂ ಆ ವಿಮರ್ಶೆ ಹೇಗೆ ನಡೆಯುತ್ತದೆ, ಅದರ ನ್ಯಾಯ ಎಂತಹುದು ಎಂದು ನಾವು ಕೇಳಿಕೊಂಡದ್ದು ಕಡಿಮೆ. ಈ ಬರಹದ ಉದ್ದೇಶ ಅಷ್ಟೇ. ವಿಮರ್ಶಕರಾದ ಅಭಿಮಾನಿಗಳನ್ನು ಒಮ್ಮೆ ವಿಮರ್ಶೆಗೆ ಒಳಪಡಿಸುವುದು. ಅವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಉದಾಹರಣೆಗೆ ಒಂದು ರಾತ್ರಿಯನ್ನು ತೆಗೆದುಕೊಳ್ಳೋಣ. 2023ರ ಮಾರ್ಚ್ 18, ಶನಿವಾರ. ಇಂಡಿಯನ್ ಸೂಪರ್ ಲೀಗಿನ ಫೈನಲ್. ಗೋವಾದ ಫಾತೋರ್ಡಾದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಆಗ ಎಟಿಕೆ ಮೋಹನ್ ಬಾಗಾನ್ ಎಂಬ ಹೆಸರಿದ್ದ ಕೋಲ್ಕತ್ತಾ ತಂಡ. ಶಿರಾಲಿಗೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ. ಭಟ್ಕಳದಲ್ಲಿ ಕೊಂಕಣ ರೈಲು ಹತ್ತಿದರೆ ಆಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ಕಣ್ಣಾರೆ ಕಾಣದ ಹುಡುಗರಿಗೂ ಅಂದು ತಮ್ಮ ತಂಡ ಪಕ್ಕದ ಊರಿಗೇ ಬಂದಂತಾಗಿತ್ತು. ರಂಜಾನ್ ಹತ್ತಿರ ಬಂದಿತ್ತು. ಆ ಪಂದ್ಯದ ಚರ್ಚೆ ಉಪವಾಸದ ತಿಂಗಳಿಡೀ, ತರಾವೀಹ್ ಮುಗಿಸಿ ಬಂದವರ ಬಾಯಲ್ಲಿ ಮುಂದುವರಿದದ್ದನ್ನು ನಾನು ಕೇಳಿದ್ದೇನೆ.

ಪಂದ್ಯದ ವಿವರಗಳನ್ನು ನೆನಪು ಮಾಡಿಕೊಳ್ಳೋಣ. ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಬೆಂಗಳೂರಿನ ಯುವ ಮುಂಪಡೆ ಆಟಗಾರ ಶಿವಶಕ್ತಿ ಗಾಯಗೊಂಡು ಹೊರನಡೆದರು. ಬೆಂಚಿನಲ್ಲಿದ್ದ ಸುನಿಲ್ ಛೇಟ್ರಿ ಅವರ ಬದಲು ಬಂದರು. 14ನೇ ನಿಮಿಷದಲ್ಲಿ ಎದುರಾಳಿಯ ಕಾರ್ನರ್ ಕಿಕ್ ವೇಳೆ ಚೆಂಡು ಬೆಂಗಳೂರಿನ ರಾಯ್ ಕೃಷ್ಣ ಅವರ ಕೈಗೆ ತಾಗಿ ಪೆನಾಲ್ಟಿ ಆಯಿತು. ದಿಮಿತ್ರಿ ಪೆಟ್ರಾಟೋಸ್ ಗೋಲು ಹೊಡೆದರು. ಮೊದಲರ್ಧ ಮುಗಿಯುವ ಹೊತ್ತಿಗೆ ಅದೇ ರಾಯ್ ಕೃಷ್ಣರನ್ನು ಬಾಕ್ಸಿನೊಳಗೆ ಕೆಡವಿದ್ದಕ್ಕೆ ಬೆಂಗಳೂರಿಗೆ ಪೆನಾಲ್ಟಿ ಸಿಕ್ಕಿತು. ಛೇಟ್ರಿ ಸಮಮಾಡಿದರು. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರು 2-1ರ ಮುನ್ನಡೆ ಪಡೆಯಿತು. 85ನೇ ನಿಮಿಷದಲ್ಲಿ ಕಿಯಾನ್ ನಸೀರಿಯನ್ನು ಪಾಬ್ಲೊ ಪೆರೆಸ್ ಬೀಳಿಸಿದರೆಂದು ಮತ್ತೊಂದು ಪೆನಾಲ್ಟಿ. ಪೆಟ್ರಾಟೋಸ್ ಮತ್ತೆ ಗೋಲು. 2-2. ಹೆಚ್ಚುವರಿ ಸಮಯದಲ್ಲಿ ಗೋಲು ಬರಲಿಲ್ಲ. ಶೂಟೌಟಿನಲ್ಲಿ ಬ್ರೂನೊ ರಮಿರೆಸ್ ಹೊಡೆತವನ್ನು ಗೋಲ್‌ಕೀಪರ್ ವಿಶಾಲ್ ಕೈತ್ ತಡೆದರು, ಪಾಬ್ಲೊ ಪೆರೆಸ್ ಹೊಡೆದದ್ದು ಗೋಲುಕಂಬದ ಮೇಲಿಂದ ಹಾರಿಹೋಯಿತು. ಕೋಲ್ಕತ್ತಾ ತಂಡ 4-3ರಿಂದ ಗೆದ್ದಿತು.

ಇನ್ನು ಚಾದಂಗಡಿಯ ಪಂದ್ಯ. ನೀಲಿ ಜೆರ್ಸಿ ತೊಟ್ಟ ಕಾಲೇಜು ಹುಡುಗನೊಬ್ಬನ ಪ್ರಕಾರ ತಿರುವು 85ನೇ ನಿಮಿಷ. “ಎಂತ ಮಾರಾಯ, ಅದು ಪೆನಾಲ್ಟಿ ಅಲ್ವೇ ಅಲ್ಲ. ಕಾಲು ತಾಗಿದ್ದು ಗೆರೆಯ ಹೊರಗೆ.” ಇನ್ನೊಬ್ಬನಿಗೆ ರಾಯ್ ಕೃಷ್ಣರ ಕೈ. ಬೋಟಿಗೆ ಹೋಗುವ ಯುವಕನೊಬ್ಬ ಶಿವಶಕ್ತಿ ಇದ್ದಿದ್ದರೆ ಶೂಟೌಟಿನವರೆಗೆ ಹೋಗುತ್ತಲೇ ಇರಲಿಲ್ಲ ಎಂದ. ಗಲ್ಫಿನಿಂದ ರಜೆಗೆ ಬಂದಿದ್ದವರೊಬ್ಬರು ಎಲ್ಲವನ್ನೂ ಕೋಚ್ ತಲೆಗೆ ಕಟ್ಟಿದರು. ಕೊನೆಕೊನೆಗೆ ಎಲ್ಲರೂ ಒಪ್ಪಿದ ಹೆಸರು ಪಾಬ್ಲೊ ಪೆರೆಸ್. ಪೆನಾಲ್ಟಿ ಕೊಟ್ಟವನೂ ಅವನೇ, ಕೊನೆಗೆ ಆಕಾಶಕ್ಕೆ ಹೊಡೆದವನೂ ಅವನೇ. ಇಷ್ಟು ಅನುಕೂಲದ ಅಪರಾಧಿ ಇನ್ನೆಲ್ಲಿ ಸಿಗಬೇಕು?

ಬೆಂಚಿನ ತುದಿಯಲ್ಲಿ ಕುಳಿತಿದ್ದ ನಿವೃತ್ತ ಮಾಸ್ತರರನ್ನು ಹುಡುಗರು ಕೇಳಿದರು. “ಮಾಸ್ತರೇ, ನೀವೇ ಹೇಳಿ.” ಮಾಸ್ತರರು ಚಾ ಮುಗಿಸಿ ಲೋಟ ಕೆಳಗಿಟ್ಟು, “ಹದಿನಾಲ್ಕನೇ ನಿಮಿಷದ ಗೋಲಿಗೆ ಎಷ್ಟು ಲೆಕ್ಕ? ಎಂಬತ್ತೈದನೇ ನಿಮಿಷದ್ದಕ್ಕೆ ಎಷ್ಟು?” ಎಂದು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ.

ಆ ಪ್ರಶ್ನೆಯಲ್ಲಿ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳಿದೆ. ಎರಡೂ ಒಂದೊಂದೇ ಗೋಲು. ಆದರೆ ಕೊನೆಯದು ಹೆಚ್ಚು ನೋಯಿಸುತ್ತದೆ, ಏಕೆಂದರೆ ಆಗ ಗೆಲುವು ಕೈಯಲ್ಲಿತ್ತು. ನಾವು ತಿರುವು ಎಂದು ಗುರುತಿಸುವುದು ಬಹುಪಾಲು ಪಂದ್ಯ ತಿರುಗಿದ ಜಾಗವನ್ನಲ್ಲ, ನಮಗೆ ನೋವಾದ ಜಾಗವನ್ನು. ನೋವು ಸುಳ್ಳಲ್ಲ. ಆದರೆ ನೋವಿನ ಜಾಗವೇ ಕಾರಣದ ಜಾಗ ಆಗಿರಬೇಕಾಗಿಲ್ಲ. 85ನೇ ನಿಮಿಷದ ಪೆನಾಲ್ಟಿಯನ್ನು ಎತ್ತಿ ಹಿಡಿಯುವವನು, ಬೆಂಗಳೂರಿನ ಎರಡು ಗೋಲುಗಳಲ್ಲಿ ಒಂದು ಪೆನಾಲ್ಟಿಯಿಂದಲೇ ಬಂದದ್ದೆಂಬುದನ್ನು ಮರೆಯುತ್ತಾನೆ. ಮುನ್ನಡೆ ಪಡೆದ ಮೇಲೆ ಉಳಿದಿದ್ದ ಹನ್ನೆರಡು ನಿಮಿಷಗಳಲ್ಲಿ ಚೆಂಡನ್ನು ತಮ್ಮ ಬಾಕ್ಸಿನತ್ತ ಬರಗೊಡದಿರುವುದು ಹನ್ನೊಂದು ಮಂದಿಯ ಕೆಲಸವಾಗಿತ್ತು. ಆಮೇಲೆ ಹೆಚ್ಚುವರಿ ಸಮಯದ ಅರ್ಧ ಗಂಟೆಯೂ ಇತ್ತು. ಇವೆಲ್ಲವೂ ‘ತಿರುವು’ ಎಂಬ ಒಂದು ಪದದೊಳಗೆ ಅಡಗಿಹೋಗುತ್ತವೆ.

ಹಾಗಾದರೆ ತಿರುವೆಂಬುದೇ ಸುಳ್ಳೇ? ಅಲ್ಲ. ಒಬ್ಬ ಆಟಗಾರನಿಗೆ ಕೆಂಪು ಕಾರ್ಡು ಸಿಕ್ಕಿ ತಂಡ ಹತ್ತು ಮಂದಿಗೆ ಇಳಿದರೆ ಅಲ್ಲಿಂದಾಚೆಯ ಆಟದ ಲೆಕ್ಕವೇ ಬೇರೆ. ಮೂರ್ನಾಲ್ಕು ನಿಮಿಷದೊಳಗೆ ಒಬ್ಬ ಓಟಗಾರನನ್ನು ಕಳೆದುಕೊಂಡ ತಂಡದ ಯೋಜನೆಯೂ ಬದಲಾಗುತ್ತದೆ. ಆದ್ದರಿಂದ ಶಿವಶಕ್ತಿಯ ಹೆಸರು ಹೇಳಿದ ಆ ಬೋಟಿನ ಯುವಕನ ಮಾತಿನಲ್ಲಿ, ಉಳಿದವರು ನಕ್ಕರೂ, ಆಟದ ತಿಳಿವಳಿಕೆ ಹೆಚ್ಚಿತ್ತೆಂದು ನನಗೆ ಅನಿಸಿತು. ಅವನು ದೂರಲು ಯಾರನ್ನೂ ಹುಡುಕಿರಲಿಲ್ಲ, ಏನು ಬದಲಾಯಿತು ಎಂಬುದನ್ನು ಹುಡುಕಿದ್ದ. ಒಳ್ಳೆಯ ವಿಮರ್ಶೆಗೂ ಕೆಟ್ಟ ವಿಮರ್ಶೆಗೂ ಇರುವ ಮೊದಲ ವ್ಯತ್ಯಾಸ ಇದೇ.

ಎರಡನೆಯ ವ್ಯತ್ಯಾಸ ನ್ಯಾಯಕ್ಕೆ ಸಂಬಂಧಿಸಿದ್ದು. ಅದನ್ನು ತಿಳಿಯಲು ಅದೇ ಮಾರ್ಚ್ ತಿಂಗಳಿನಲ್ಲಿ ಹದಿನೈದು ದಿನ ಹಿಂದೆ ಹೋಗಬೇಕು. ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ನಾಕೌಟ್ ಪಂದ್ಯ ನಡೆದಿತ್ತು. ನಿಗದಿತ ಅವಧಿ ಗೋಲಿಲ್ಲದೆ ಮುಗಿದು ಹೆಚ್ಚುವರಿ ಸಮಯ ಶುರುವಾಗಿತ್ತು. ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ತನ್ನ ಆಟಗಾರರ ಗೋಡೆಯನ್ನು ನಿಲ್ಲಿಸುತ್ತಿದ್ದಾಗಲೇ ಛೇಟ್ರಿ ಚೆಂಡನ್ನು ಗೋಲಿಗೆ ಸೇರಿಸಿದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಪಂದ್ಯ ಅಲ್ಲಿಗೇ ನಿಂತು ಬೆಂಗಳೂರು ಗೆದ್ದಿತು. ಮುಂದೆ ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡವೂ ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧವೂ ಬಿದ್ದವು.

ಅಂದು ನಮ್ಮ ಕರಾವಳಿಯ ಬ್ಲಾಸ್ಟರ್ಸ್ ಅಭಿಮಾನಿಗಳು, ಅವರ ಸಂಖ್ಯೆ ಇಲ್ಲಿ ಕಡಿಮೆಯೇನಲ್ಲ, ರೆಫರಿಯನ್ನು ಶಪಿಸಿದರು. ಬೆಂಗಳೂರಿನ ಅಭಿಮಾನಿಗಳಿಗೆ ರೆಫರಿ ಅಂದು ದೇವಮಾನವ. ತೀರ್ಪು ಅಂತಿಮ, ಸೋತವರು ಒಪ್ಪಿಕೊಳ್ಳುವುದನ್ನು ಕಲಿಯಬೇಕು, ಫ್ರೀಕಿಕ್‌ಗೆ ಪ್ರತಿಸಲವೂ ವಿಸಿಲ್ ಬೇಕಾಗಿಲ್ಲ ಎಂದು ನಿಯಮ ಬೋಧಿಸಿದರು. ಒಂಬತ್ತು ದಿನ ಕಳೆದು, ಮಾರ್ಚ್ 12ರಂದು, ಮುಂಬಯಿ ಸಿಟಿಯ ವಿರುದ್ಧದ ಸೆಮಿಫೈನಲ್ ಶೂಟೌಟಿನಲ್ಲಿ ಬೆಂಗಳೂರು 9-8ರಿಂದ ಗೆದ್ದಿತು. ಆಗ ಶೂಟೌಟ್ ಎಂದರೆ ಎದೆಗಾರಿಕೆಯ ಪರೀಕ್ಷೆ. ಇನ್ನಾರು ದಿನ ಕಳೆಯಿತು, ಫಾತೋರ್ಡಾದ ರಾತ್ರಿ ಬಂತು. ಅದೇ ಶೂಟೌಟ್ ಈಗ ಲಾಟರಿ. ಅದೇ ರೆಫರಿ ವ್ಯವಸ್ಥೆ ಈಗ ಮೋಸ. ಲೀಗಿನಲ್ಲಿ ವಿಡಿಯೊ ನೋಡಿ ತೀರ್ಪನ್ನು ತಿದ್ದುವ ವಿಎಆರ್ ವ್ಯವಸ್ಥೆ ಬೇಕೇ ಬೇಕೆಂಬ ಕೂಗು ಎದ್ದಿತು. ತಂಡದ ಮಾಲೀಕರೂ ಅದನ್ನು ಬಹಿರಂಗವಾಗಿ ಕೇಳಿದರು. ಚಾದಂಗಡಿಯಲ್ಲಿದ್ದ ಬ್ಲಾಸ್ಟರ್ಸ್ ಅಭಿಮಾನಿಯೊಬ್ಬ ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ. “ಅವತ್ತು ವಿಸಿಲ್ ಬೇಡ ಅಂದವರು ನೀವು. ಇವತ್ತು ಟಿವಿ ಬೇಕಾ?”

ವಿಎಆರ್ ಬೇಕೆಂಬ ಬೇಡಿಕೆಯಲ್ಲಿ ತಪ್ಪಿಲ್ಲ. ಆದರೆ ಮಾರ್ಚ್ 4ರ ಬೆಳಿಗ್ಗೆಯೂ ಅದನ್ನೇ ಕೇಳಿದ್ದ ಬೆಂಗಳೂರು ಅಭಿಮಾನಿಯ ಮಾತಿಗೆ ಮಾತ್ರ ಮಾರ್ಚ್ 19ರಂದು ತೂಕವಿರುತ್ತದೆ. ನಮ್ಮ ಮೇಲೆ ಬಿದ್ದಾಗ ಮಾತ್ರ ಅನ್ಯಾಯವಾಗುವ ಅನ್ಯಾಯ, ಅನ್ಯಾಯದ ವಿಮರ್ಶೆಯಲ್ಲ. ಅದು ಕೇವಲ ದೂರು. ಎರಡು ವರ್ಷಗಳ ಮೇಲೆ, 2025ರ ಏಪ್ರಿಲ್ 12ರಂದು, ಕೋಲ್ಕತ್ತಾದಲ್ಲಿ ಬೆಂಗಳೂರು ಅದೇ ಮೋಹನ್ ಬಾಗಾನ್ ಎದುರು ಮತ್ತೆ ಫೈನಲ್ ಸೋತಿತು. ಹೆಚ್ಚುವರಿ ಸಮಯದಲ್ಲಿ 2-1. ಆಗಲೂ ಚರ್ಚೆ ನಡೆದದ್ದು ಬೆಂಗಳೂರಿನ ರಕ್ಷಣಾ ಆಟಗಾರನೊಬ್ಬನ ಕೈಗೆ ಚೆಂಡು ತಾಗಿ ಹೋದ ಪೆನಾಲ್ಟಿಯ ಬಗ್ಗೆ. ಬೆಂಗಳೂರಿಗೆ ಅಂದು ಸಿಕ್ಕ ಏಕೈಕ ಗೋಲು ಎದುರಾಳಿ ಆಟಗಾರನೇ ತನ್ನ ಗೋಲಿಗೆ ಹೊಡೆದುಕೊಟ್ಟದ್ದು ಎಂಬುದನ್ನು ನೆನಪಿಸಿದವರು ಕಡಿಮೆ. ನಮಗೆ ದಕ್ಕಿದ ಭಾಗ್ಯವನ್ನು ನಾವು ತಿರುವೆಂದು ಕರೆಯುವುದಿಲ್ಲ. ಅದು ನಮ್ಮ ಹಕ್ಕಿನದೆಂದೇ ಭಾವಿಸುತ್ತೇವೆ.

ಇಷ್ಟಾದರೂ ಇದು ಆಟದ ಮಾತು, ಇದರಲ್ಲಿ ಇಷ್ಟೊಂದು ತಲೆಕೆಡಿಸಿಕೊಳ್ಳುವುದೇನಿದೆ ಎಂದು ಓದುಗರು ಕೇಳಬಹುದು. ಪಾಬ್ಲೊ ಪೆರೆಸ್ ಸ್ಪೇನಿನವರು. ಅವರನ್ನು ಬೈದವರಿಗೆ ಅವರ ಆಟದ ಆಚೆಗೆ ಬೈಯಲು ಏನೂ ಗೊತ್ತಿರಲಿಲ್ಲ. ಆದ್ದರಿಂದ ಆ ಬೈಗುಳ ಆಟದಲ್ಲೇ ಮುಗಿಯಿತು. ಆದರೆ ತಿರುವನ್ನು ಹುಡುಕುತ್ತ ಹೋಗಿ ಒಬ್ಬನ ಹೆಸರಿನಲ್ಲಿ ನಿಲ್ಲುವ ಅಭ್ಯಾಸ ಒಮ್ಮೆ ಬೆಳೆಯಿತೆಂದರೆ ಅದು ಆ ಹೆಸರಿನಲ್ಲೇ ನಿಲ್ಲುವುದಿಲ್ಲ. ಹೆಸರಿನಿಂದ ಜಾತಿಗೆ, ಬಣ್ಣಕ್ಕೆ, ಧರ್ಮಕ್ಕೆ ದಾಟಲು ಅದಕ್ಕೆ ಒಂದೇ ಹೆಜ್ಜೆ ಸಾಕು.

1950ರ ಜುಲೈ 16ರಂದು ರಿಯೊ ನಗರದ ಮಾರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ ಉರುಗ್ವೆಗೆ 2-1ರಿಂದ ಸೋತಿತು. ಡ್ರಾ ಆಗಿದ್ದರೂ ವಿಶ್ವಕಪ್ ಅವರದಾಗುತ್ತಿತ್ತು. 79ನೇ ನಿಮಿಷದಲ್ಲಿ ಗಿಗ್ಗಿಯಾ ಹೊಡೆದ ಗೋಲನ್ನು ಬಿಟ್ಟುಕೊಟ್ಟರೆಂದು ಗೋಲ್‌ಕೀಪರ್ ಬಾರ್ಬೋಸಾ ಅವರನ್ನು ದೇಶ ಕ್ಷಮಿಸಲಿಲ್ಲ. ಅವರು ಕಪ್ಪು ಜನಾಂಗದವರು. ಅವರೊಂದಿಗೆ ದೂರು ಹೊತ್ತ ಬಿಗೋಡೆ, ಜುವೆನಾಲ್ ಕೂಡ ಕಪ್ಪು ಜನಾಂಗದವರೇ. ಆ ದಿನ ಒಂದು ಗೋಲಷ್ಟೇ ಹೊಡೆದ ಬ್ರೆಜಿಲ್ಲಿನ ಮುಂಪಡೆಯನ್ನು ಯಾರೂ ಪ್ರಶ್ನಿಸಲಿಲ್ಲ. ಬಾರ್ಬೋಸಾ 2000ದಲ್ಲಿ ತೀರಿಕೊಂಡರು. ಅರ್ಧ ಶತಮಾನ ಅವರು ಆ ಒಂದು ಗೋಲಿನ ಮನುಷ್ಯನಾಗಿಯೇ ಬದುಕಬೇಕಾಯಿತು. ಕಪ್ಪು ಗೋಲ್‌ಕೀಪರನ್ನು ನಂಬಬಾರದೆಂಬ ಪೂರ್ವಗ್ರಹವೂ ಆ ದೇಶದಲ್ಲಿ ಬಹುಕಾಲ ಉಳಿಯಿತು.

ಅದು ಹಳೆಯ ಕಾಲ ಎನ್ನುವ ಹಾಗಿಲ್ಲ. 2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಯೂರೋ ಫೈನಲನ್ನು ಇಟಲಿಗೆ ಶೂಟೌಟಿನಲ್ಲಿ ಸೋತಿತು. ಪೆನಾಲ್ಟಿ ತಪ್ಪಿಸಿಕೊಂಡ ರಾಶ್‌ಫೋರ್ಡ್, ಸಾಂಚೊ, ಸಾಕಾ ಮೂವರೂ ಕಪ್ಪು ಜನಾಂಗದವರು. ಸಾಕಾಗೆ ಆಗ ಹತ್ತೊಂಬತ್ತು ವರ್ಷ. ಅದೇ ರಾತ್ರಿ ಅವರ ಮೇಲೆ ಜನಾಂಗ ನಿಂದನೆಯ ಸುರಿಮಳೆಯಾಯಿತು. ಗೆದ್ದ ಇಟಲಿಯ ಇಬ್ಬರೂ ಅಂದು ಪೆನಾಲ್ಟಿ ಕಳೆದುಕೊಂಡಿದ್ದರು ಎಂಬುದು ಎಷ್ಟು ಜನರಿಗೆ ನೆನಪಿದೆ?

ಇನ್ನು ನಮ್ಮ ಮನೆಯ ಅಂಗಳಕ್ಕೇ ಬರೋಣ. ಇದು ಫುಟ್ಬಾಲ್ ಅಲ್ಲ, ಆದರೆ ರೋಗ ಒಂದೇ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಟಿ-20 ವಿಶ್ವಕಪ್ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಹತ್ತು ವಿಕೆಟ್ ಎಂದರೆ ಭಾರತದ ಒಬ್ಬ ಬೌಲರಿಗೂ ಒಂದೂ ವಿಕೆಟ್ ಸಿಗಲಿಲ್ಲವೆಂದು ಅರ್ಥ. ಆ ಸೋಲಿಗೆ ತಿರುವು ಹುಡುಕಲೇಬೇಕೆಂದರೆ ಶಾಹೀನ್ ಅಫ್ರಿದಿಯ ಮೊದಲ ಓವರುಗಳಲ್ಲಿ ಹುಡುಕಬೇಕಿತ್ತು. ಆದರೆ ದೂರು ಬಿದ್ದದ್ದು ಮೊಹಮ್ಮದ್ ಶಮಿ ಮೇಲೆ. ಅದೂ ಬೌಲಿಂಗಿನ ದೂರಲ್ಲ, ದೇಶನಿಷ್ಠೆಯ ದೂರು. ನಾಯಕ ವಿರಾಟ್ ಕೊಹ್ಲಿ ಕೆಲವೇ ದಿನಗಳಲ್ಲಿ ಪತ್ರಕರ್ತರ ಮುಂದೆ ಅದನ್ನು ಕಟುವಾಗಿ ಖಂಡಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ಪಿನಲ್ಲಿ ಕ್ಯಾಚ್ ಬಿಟ್ಟ ಅರ್ಶದೀಪ್ ಸಿಂಗ್ ಅವರಿಗೆ ಅವರ ಸಿಖ್ ಧರ್ಮವನ್ನು ಹಿಡಿದು ಅದೇ ಬಗೆಯ ನಿಂದನೆ. 2023ರ ನವೆಂಬರ್ 15ರಂದು ವಿಶ್ವಕಪ್ ಸೆಮಿಫೈನಲಿನಲ್ಲಿ ಶಮಿ ನ್ಯೂಜಿಲೆಂಡಿನ ಏಳು ವಿಕೆಟ್ ಕಿತ್ತಾಗ ದೇಶವೇ ಅವರನ್ನು ಹೊತ್ತು ಕುಣಿಯಿತು. ಗೆದ್ದಾಗ ನಮ್ಮವನು, ಸೋತಾಗ ಅವರವನು. ಈ ಮಾತಿನ ಬಿಸಿ ಎಷ್ಟೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಈ ಬರಹವೂ ಬರಿಯ ದೂರಾಗುತ್ತದೆ. ನಾವು ಮಾಡಿದ್ದನ್ನೂ ನೋಡೋಣ. 2006ರ ಜುಲೈ 9ರಂದು ಬರ್ಲಿನ್ನಿನಲ್ಲಿ ವಿಶ್ವಕಪ್ ಫೈನಲ್. ಹೆಚ್ಚುವರಿ ಸಮಯದ 110ನೇ ನಿಮಿಷದಲ್ಲಿ ಫ್ರಾನ್ಸಿನ ಜಿನೆದಿನ್ ಜಿದಾನ್ ಇಟಲಿಯ ಮೆಟೆರಾಜಿಯ ಎದೆಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡು ಪಡೆದರು. ಫ್ರಾನ್ಸ್ ಶೂಟೌಟಿನಲ್ಲಿ 5-3ರಿಂದ ಸೋತಿತು. ನಮ್ಮ ಕರಾವಳಿಯ ಮುಸ್ಲಿಮ್ ಯುವಕರಿಗೆ ಅಲ್ಜೀರಿಯಾ ಮೂಲದ ಜಿದಾನ್ ಬರಿಯ ಆಟಗಾರರಾಗಿರಲಿಲ್ಲ. ಮೆಟೆರಾಜಿ ಜಿದಾನರನ್ನು ಭಯೋತ್ಪಾದಕನೆಂದು ಕರೆದನಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ನಾವು ಅದನ್ನು ನಂಬಿಬಿಟ್ಟೆವು. ನಂಬಲು ನಮಗೆ ಆಸೆಯಿತ್ತು. ಮೆಟೆರಾಜಿ ಅದನ್ನು ಅಲ್ಲಗಳೆದರು. ಜಿದಾನ್ ಸ್ವತಃ ಟಿವಿಯಲ್ಲಿ ಹೇಳಿದ್ದು ತನ್ನ ತಾಯಿ ಮತ್ತು ಸಹೋದರಿಯ ಬಗ್ಗೆ ಆಡಿದ ಕೆಟ್ಟ ಮಾತುಗಳ ವಿಷಯ. ಆಮೇಲೂ ನಮ್ಮಲ್ಲಿ ಹಲವರು ಹಳೆಯ ಸುದ್ದಿಯನ್ನೇ ಹೇಳುತ್ತ ಬಂದೆವು. ಜಿದಾನ್ ಹೊರನಡೆದದ್ದು ಆ ಪಂದ್ಯದ ದೊಡ್ಡ ಘಟನೆ. ಅದು ತಪ್ಪೂ ಹೌದು. ಶೂಟೌಟಿನಲ್ಲಿ ಟ್ರೆಜೆಗೆ ಹೊಡೆದ ಚೆಂಡು ಮೇಲ್ಕಂಬಕ್ಕೆ ತಾಗಿದ್ದು ಇನ್ನೊಂದು ಘಟನೆ. ಆದರೆ ನಮ್ಮ ವಿಮರ್ಶೆ ಜಿದಾನರ ತಪ್ಪನ್ನು ತಪ್ಪೆನ್ನಲು ಒಪ್ಪಲಿಲ್ಲ, ಏಕೆಂದರೆ ಅವರು ‘ನಮ್ಮವರು’. ಶಮಿಯನ್ನು ಅವರ ಧರ್ಮಕ್ಕಾಗಿ ದೂರಿದವರೂ, ಜಿದಾನರನ್ನು ಧರ್ಮಕ್ಕಾಗಿ ಸಮರ್ಥಿಸಿದ ನಾವೂ ಒಂದೇ ವ್ಯಾಕರಣದಲ್ಲಿ ಮಾತನಾಡುತ್ತಿದ್ದೆವು. ಎರಡು ಕಡೆಯೂ ಆಟ ಕಾಣಿಸದೆ ಹೆಸರು ಮಾತ್ರ ಕಾಣಿಸುತ್ತಿತ್ತು. ಅವರ ಮಾತಿನಿಂದ ಒಬ್ಬನಿಗೆ ಗಾಯವಾಯಿತು, ನಮ್ಮ ಮಾತಿನಿಂದ ಆಗಲಿಲ್ಲ ಎಂಬ ವ್ಯತ್ಯಾಸ ಇದ್ದೇ ಇದೆ. ಆದರೂ ಬೇರು ಒಂದೇ.

ಗಾಯ ಮಾಡಿದ್ದೂ ಇದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಗದ್ದೆ ಕೊಯ್ಲು ಮುಗಿದ ಮೇಲೆ ನಮ್ಮ ಭಾಗದಲ್ಲಿ ನಡೆದ ಒಂದು ಹೊನಲು ಬೆಳಕಿನ ಟೂರ್ನಮೆಂಟ್. ನಮ್ಮ ತಂಡ ಫೈನಲಿಗೆ ಬಂದಿತ್ತು. ಗೋಲಿಗೆ ನಿಂತವನು ಮೀನುಗಾರರ ಕೇರಿಯ ಹುಡುಗ. ಉಳಿದ ನಾವೆಲ್ಲ ಒಂದೇ ಕೇರಿಯವರು, ಒಂದೇ ಮಸೀದಿಯವರು. ಕೊನೆಯ ನಿಮಿಷಗಳಲ್ಲಿ ಒಂದು ಸಾಧಾರಣ ಹೊಡೆತ ಅವನ ಕೈಯಿಂದ ಜಾರಿ ಗೋಲಾಯಿತು. ಒಂದು ಗೋಲಿನಿಂದ ಸೋತೆವು. ಆ ರಾತ್ರಿಯ ಚರ್ಚೆಯಲ್ಲಿ ಎಲ್ಲರೂ ಕೇಳುವ ಹಾಗೆ ನಾನು, “ಗೋಲಿಗೆ ನಮ್ಮ ಹುಡುಗನನ್ನೇ ನಿಲ್ಲಿಸಬೇಕಿತ್ತು” ಎಂದೆ. ಅವನು ಆಚೆ ನಿಂತು ಬಟ್ಟೆ ಬದಲಾಯಿಸುತ್ತಿದ್ದ. ಮರುದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಭಟ್ಕಳದ ರೈಲು ನಿಲ್ದಾಣದಲ್ಲಿ ಸಿಕ್ಕಿದ. ಅವನಿಗೆ ಮಕ್ಕಳಾಗಿದ್ದರು. ಕುಶಲ ವಿಚಾರಿಸಿದ ಮೇಲೆ ನಾನೇ ಆ ಪಂದ್ಯದ ಮಾತು ತೆಗೆದೆ. ಅವನು ನಕ್ಕು, “ಇಬ್ಬನಿಗೆ ಚೆಂಡು ಒದ್ದೆಯಾಗಿತ್ತು, ಭಾಯ್. ಅದಕ್ಕೆ ಮುಂಚೆ ನಾಲ್ಕು ಹಿಡಿದಿದ್ದೆ” ಎಂದ. ಅಷ್ಟೇ. ಅವನಿಗೆ ಲೆಕ್ಕ ನೆನಪಿತ್ತು. ನನಗೂ ಒಂದು ಲೆಕ್ಕ ನೆನಪಾಯಿತು. ಅಂದು ಮುಂಪಡೆಯಲ್ಲಿ ಆಡಿದ್ದ ನಾನು, ಗೋಲ್‌ಕೀಪರ್ ಮುಂದೆ ಬಂದುಬಿಟ್ಟಿದ್ದಾಗ, ಖಾಲಿ ಗೋಲಿನೆದುರು ಒಂದು ಚೆಂಡನ್ನು ಹೊರಗೆ ಹೊಡೆದಿದ್ದೆ. ಆ ಚೆಂಡು ಯಾರ ಬಾಯಲ್ಲೂ ತಿರುವಾಗಲಿಲ್ಲ. ಏಕೆಂದರೆ ಚರ್ಚೆ ಮಾಡುತ್ತಿದ್ದವರು ನನ್ನವರು.

ಇಡೀ ಭಟ್ಕಳ ಸೀಮೆಗೆ ಒಂದು ಘಟನೆಯ ಹೊಣೆಯನ್ನು ಒಂದು ಹೆಸರಿನ ಮೇಲೆ, ಒಂದು ಹೆಸರಿನ ಹೊಣೆಯನ್ನು ಇಡೀ ಸಮುದಾಯದ ಮೇಲೆ ಹೊರಿಸುವುದು ಹೊಸ ಅನುಭವವೇನಲ್ಲ. ಊರಿನ ಹೆಸರೇ ದೂರಾಗಿಬಿಡುವ ಸಂಕಟವನ್ನು ನಾವು ಉಂಡವರು. ಉಂಡವರೇ ಚಾದಂಗಡಿಯ ಬೆಂಚಿನ ಮೇಲೆ, ಗದ್ದೆಯ ಬದುವಿನ ಮೇಲೆ ಅದನ್ನೇ ಸಣ್ಣ ಪ್ರಮಾಣದಲ್ಲಿ ಅಭ್ಯಾಸ ಮಾಡುತ್ತೇವೆಂಬುದನ್ನು ನಾನು ಆ ರೈಲು ನಿಲ್ದಾಣದಲ್ಲಿ ಕಲಿತೆ.

ಸೋಲನ್ನು ಬೇರೆ ರೀತಿಯಲ್ಲಿ ನೆನಪಿಟ್ಟುಕೊಂಡ ಉದಾಹರಣೆಯೂ ನಮ್ಮ ದೇಶದಲ್ಲೇ ಇದೆ, ಅದರಲ್ಲಿ ನಮ್ಮ ನಾಡಿನವರ ಪಾಲೂ ಇದೆ. 1948ರ ಜುಲೈ 31. ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಫುಟ್ಬಾಲ್ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಎಸ್. ರಾಮನ್ ಇದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ರಾಮನ್ ಸಮಮಾಡಿದರು. ಅದು ಸ್ವತಂತ್ರ ಭಾರತದ ಮೊದಲ ಅಂತಾರಾಷ್ಟ್ರೀಯ ಗೋಲು. ಪಂದ್ಯ ಮುಗಿಯಲು ಬಂದಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಆ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ವ್ಯರ್ಥವಾದವು. ಒಂದನ್ನು ಕಳೆದುಕೊಂಡವರು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್.

ಒಂದು ಗೋಲಿನ ಸೋಲು, ಎರಡು ಪೆನಾಲ್ಟಿ ನಷ್ಟ. ಇದಕ್ಕಿಂತ ಸ್ಪಷ್ಟವಾದ ತಿರುವು ಯಾವ ಪಂದ್ಯದಲ್ಲಿ ಸಿಕ್ಕೀತು? ಆದರೆ ಮುಂದೆ ಏನಾಯಿತೆಂದು ನೋಡಿ. 1951ರಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತ ತಂಡದ ನಾಯಕ ಅದೇ ಶೈಲೇನ್ ಮನ್ನಾ. ಫೈನಲಿನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಪೆನಾಲ್ಟಿ ಕಳೆದುಕೊಂಡವನ ಕೈಗೇ ಮೂರು ವರ್ಷದೊಳಗೆ ತಂಡವನ್ನು ಒಪ್ಪಿಸುವ ಧೈರ್ಯ ಆ ಕಾಲಕ್ಕೆ ಇತ್ತು. 1948ರ ಪಂದ್ಯವನ್ನು ಇಂದಿಗೂ ಜನ ನೆನೆಯುವುದು ಬರಿಗಾಲಿನ ಹುಡುಗರು ಫ್ರಾನ್ಸನ್ನು ನಡುಗಿಸಿದ ಪಂದ್ಯವೆಂದು. ಮನ್ನಾರ ಹೆಸರು ದೊಡ್ಡ ರಕ್ಷಣಾ ಆಟಗಾರನ ಹೆಸರಾಗಿ ಉಳಿಯಿತು. ಪೆನಾಲ್ಟಿಯ ಮಾತನ್ನು ಯಾರೂ ಮುಚ್ಚಿಡಲಿಲ್ಲ. ಅದನ್ನು ಆಟದ ಒಂದು ಭಾಗವಾಗಿ ಇಟ್ಟುಕೊಂಡರು, ಮನುಷ್ಯನ ಹಣೆಗೆ ಅಂಟಿಸಲಿಲ್ಲ.

ಹಾಗಾದರೆ ಅಭಿಮಾನಿಗಳು ತಿರುವಿನ ಚರ್ಚೆಯನ್ನೇ ಬಿಡಬೇಕೇ? ಖಂಡಿತ ಬೇಡ. ಅದು ಹೋದರೆ ಆಟದ ಅರ್ಧ ಸುಖ ಹೋಗುತ್ತದೆ. ಬೇರೆ ಬೇರೆ ಕೇರಿಯವರು ಒಂದೇ ಬೆಂಚಿನ ಮೇಲೆ ಕುಳಿತು ಗಟ್ಟಿ ದನಿಯಲ್ಲಿ ಜಗಳವಾಡಿ ನಗುತ್ತ ಏಳುವ ಜಾಗಗಳು ನಮ್ಮ ಊರುಗಳಲ್ಲಿ ಈಗ ಹೆಚ್ಚಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು. ನನ್ನ ಕೋರಿಕೆ ಮೂರೇ ಪ್ರಶ್ನೆಗಳದ್ದು. ನಾನು ಹೇಳುವ ತಿರುವು ಎದುರಾಳಿಗೆ ಆಗಿದ್ದರೆ ಆಗಲೂ ಹೀಗೆಯೇ ಹೇಳುತ್ತಿದ್ದೆನೇ? ಅದಕ್ಕೆ ಮುಂಚಿನ ಮತ್ತು ಆಮೇಲಿನ ಆಟವನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆಯೇ? ನಾನು ಮಾತನಾಡುತ್ತಿರುವುದು ಅವನು ಹೊಡೆದ ಚೆಂಡಿನ ಬಗ್ಗೆಯೋ, ಅವನು ಹುಟ್ಟಿದ ಮನೆಯ ಬಗ್ಗೆಯೋ? ಈ ಮೂರನ್ನು ದಾಟಿದ ವಾದ ಎಷ್ಟು ಕಟುವಾಗಿದ್ದರೂ ಅದು ವಿಮರ್ಶೆ. ದಾಟದ್ದು ಎಷ್ಟು ಮೆದುವಾಗಿದ್ದರೂ ಬರಿಯ ದೂರು.

ಮಾಸ್ತರರು ಅಂದು ಹೊರಡುವಾಗ ಹುಡುಗರು ಬಿಡಲಿಲ್ಲ. ನಿಮ್ಮ ಲೆಕ್ಕದಲ್ಲಿ ತಿರುವು ಯಾವುದು, ಹೇಳಿಯೇ ಹೋಗಬೇಕೆಂದರು. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಅವರು ನಾಲ್ಕು ಹೊಡೆದರು, ನಾವು ಮೂರು ಹೊಡೆದೆವು” ಎಂದರು. ಹುಡುಗರು ಗೊಳ್ಳೆಂದು ನಕ್ಕರು. ಆಮೇಲೆ ಮತ್ತೆ ಗೆರೆಯ ಒಳಗೋ ಹೊರಗೋ ಎಂಬ ಜಗಳಕ್ಕೆ ಮರಳಿದರು.